ಎಡೆಯ ಮುಂದೆ ಕೂತ ಆಫೀಸು

ಇವತ್ತು ಬೀರೂರಿನ ನಮ್ಮ ಮನೆಯಲ್ಲಿ ಯಜಮಾನರ ವರ್ಷದ ಎಡೆ, ಸ್ನೇಹಿತರೇ. ಅವರು ಎತ್ತಿ ಆಡಿಸಿದ ಮೊಮ್ಮಗಳು ಚೈತ್ರಾ ರಜೆ ಹಾಕಿ ಬಂದಿದ್ದಳು. ಬೇರೆ ಕಂಪನಿಗಳಿಗೆ ಬುದ್ಧಿ ಹೇಳುವ ಕನ್ಸಲ್ಟಿಂಗ್ ಕಂಪನಿ ಅವಳದು. ಕೈಮುಗಿಯುವ ಹೊತ್ತಿಗೆ ಬಾಸಿನ ಫೋನು ಬಂತು. ಲ್ಯಾಪ್‌ಟಾಪ್ ತೆರೆದು ವಿಡಿಯೋ ಮೀಟಿಂಗಿಗೆ ಕೂರಲೇಬೇಕಂತೆ.

"ಅದೇನೇ ಅಂಥಾ ಮೀಟಿಂಗು?"

"ಕೆಲಸದ ಜೊತೆ ಮನೆಯವ್ರಿಗೂ ಟೈಮ್ ಕೊಡೋದು ಹೆಂಗೆ ಅಂತ ಹೇಳ್ಕೊಡ್ತಾರೆ ಕಣಜ್ಜಿ."

ಎಲ್ಲರೂ ಕೈಮುಗಿಯದೆ ನಮ್ಮಲ್ಲಿ ಯಾರೂ ಉಣ್ಣುವಂತಿಲ್ಲ. ಹೋಳಿಗೆ ಆರಿತು. ನನಗೆ ತಡೆಯಲಾಗಲಿಲ್ಲ, ಲ್ಯಾಪ್‌ಟಾಪನ್ನು ಎಡೆಯ ಕಡೆ ತಿರುಗಿಸಿದೆ.

"ನೋಡಪ್ಪಾ, ತಾತಂಗೆ ಕೈಮುಗಿಯೋಕೆ ಬಂದೋಳ್ನ ಹಿಡಿದು ಕೂರ್ಸಿದೀಯಲ್ಲ, ನಿಮ್ಮನೇಲಿ ಹಿರೀಕರು ಇರ್ಲಿಲ್ವಾ?"

"ತುಂಬಾ ಚೆನ್ನಾಗಿದೆ ಅಜ್ಜಿ, ಹಾಗೇ ಹಿಡ್ಕೊಳ್ಳಿ" ಎಂದು ಆ ಬಾಸು ಫೋಟೋ ತೆಗೆದುಕೊಂಡ. ಕೆಲಸ, ಮನೆ ಎರಡನ್ನೂ ತೂಗಿಸುವುದಕ್ಕೆ ನಮ್ಮ ಚೈತ್ರಾ ಮಾದರಿಯೆಂದು ಆಫೀಸಿನವರಿಗೆಲ್ಲ ಕಳಿಸಿದನಂತೆ. ಮೀಟಿಂಗು ಮಾತ್ರ ನಿಲ್ಲಿಸಲಿಲ್ಲ. ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ತಾತನಿಗೆ ಅಡ್ಡಬಿದ್ದಳು.

ಆಮೇಲೆ ಮಾಳಿಗೆಯ ಮೇಲೆ ಕಾಗೆಗೆ ಇಟ್ಟೆವು. ಅದು ತಿಂದು ಹಾರಿಹೋಯಿತು. ಬಂದ ಕೆಲಸ ಮುಗಿದ ಮೇಲೆ ಹೊರಡಬೇಕು ಅನ್ನುವ ತಿಳಿವಳಿಕೆ ಕಾಗೆಗೂ ಇದೆ. ಆಫೀಸು ಇನ್ನೂ ನಮ್ಮ ನಡುಮನೆಯಲ್ಲೇ ಕೂತಿದೆ.