ಫುಕ್ಸಿಯ ಎಂದ ನನ್ನ ತಮ್ಮ

ನನ್ನ ತಮ್ಮನಿಗೆ ಉಗ್ಗು. ಓಣಿಯ ಹುಡುಗರು ಅವನಿಗೆ ಟೈಪ್‌ರೈಟರ್ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದ ಇಬ್ಬರಿಗೆ ನನ್ನ ಕೈಯ ರುಚಿ ಗೊತ್ತು. ಅಂಗಡಿಯಲ್ಲಿ ಅವನು “ಸ... ಸ...” ಎನ್ನುವಷ್ಟರಲ್ಲಿ ನಾನು “ಸಕ್ಕರೆ, ಅರ್ಧ ಕೇಜಿ” ಎಂದು ಮುಗಿಸುತ್ತಿದ್ದೆ. ಅವನ ಮದುವೆ ಮಾತುಕತೆಯಲ್ಲಿ “ಹುಡುಗಿ ಒಪ್ಪಿಗೆ” ಎಂದವಳೂ ನಾನೇ. ಪುಣ್ಯಕ್ಕೆ ಅವನಿಗೂ ಒಪ್ಪಿಗೆಯಾಗಿತ್ತು.

ನಾನು ಸಸ್ಯೋದ್ಯಾನದ ಬಾಗಿಲಲ್ಲಿ ಟಿಕೆಟ್ ಕೊಡುವವಳು. ಮಾತಾಡದೆ ಮಾಡಬಹುದಾದ ಕೆಲಸವೆಂದು ಅವನನ್ನು ಅಲ್ಲೇ ಗಿಡ ನೆಡುವುದಕ್ಕೆ ಸೇರಿಸಿದೆ. ಅಲ್ಲಿಯ ಪದ್ಧತಿಯೊಂದು ನನ್ನ ಹಾಳು ತಲೆಗೆ ಹೊಳೆದಿರಲೇ ಇಲ್ಲ. ಸಸಿಯನ್ನು ಗುಂಡಿಗಿಳಿಸುವವನು ಅದರ ಲ್ಯಾಟಿನ್ ಶಾಸ್ತ್ರೀಯ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಕೂಗಬೇಕು. ಆಚೆ ನಿಂತವನು ಆ ಹೆಸರಿನ ಫಲಕ ಹುಡುಕಿ ಪಕ್ಕದಲ್ಲಿ ಊರಬೇಕು. ಎಳೆಯ ಸಸಿಗಳೆಲ್ಲ ನೋಡುವುದಕ್ಕೆ ಒಂದೇ ಥರ. ಕೂಗದಿದ್ದರೆ ಯಾರದೋ ಮಗುವಿಗೆ ಇನ್ಯಾರದೋ ಹೆಸರು.

ಮೊದಲ ದಿನ ಅವನ ಸರದಿ ಬರುವಾಗ ಅದು ನೆನಪಾಯಿತು. ಟಿಕೆಟ್ ಕಿಟಕಿ ಮುಚ್ಚಿ ಓಡಿದೆ. ಅವನ ಬದಲು ಕೂಗಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವನು “ರೋಡೋಡೆಂಡ್ರಾನ್ ಅರ್ಬೋರಿಯಮ್” ಎಂದು ಕೂಗಿಬಿಟ್ಟ. ಒಂದು ಕಡೆಯೂ ಎಡವಲಿಲ್ಲ.

“ಅದ್ಹೇಗೋ ಬಂತು ನಿಂಗೆ?” ಎಂದೆ.

“ಅ-ಅದು ಯಾರ ಮನೆ ಮಾ-ಮಾತೂ ಅಲ್ವಲ್ಲಕ್ಕ. ತ-ತಪ್ಪಾದ್ರೆ ನ-ನಗೋರಿಲ್ಲ.”

ಹಿರಿಯ ಮಾಲಿಯೊಬ್ಬರು ಅವನಿಗೆ ಹೆಸರುಗಳ ಅರ್ಥ ಹೇಳಿಕೊಟ್ಟರು. “ನುಂಗಬೇಡ, ಹಲಸಿನ ತೊಳೆ ಬಿಡಿಸೋ ಹಾಗೆ ಬಿಡಿಸು” ಎನ್ನುತ್ತಿದ್ದರು. ರೋಡೋ ಎಂದರೆ ಗ್ರೀಕಿನಲ್ಲಿ ಗುಲಾಬಿ, ಡೆಂಡ್ರಾನ್ ಎಂದರೆ ಮರ. ಜೆರೇನಿಯಮ್ಮಿನ ಕಾಯಿ ಕೊಕ್ಕರೆಯ ಕೊಕ್ಕಿನ ಹಾಗಿರುವುದರಿಂದ ಅದಕ್ಕೆ ಆ ಹೆಸರು. ಆರ್ನಿತೊಗ್ಯಾಲಮ್ ಎಂದರೆ ಹಕ್ಕಿಯ ಹಾಲಂತೆ. ಹಕ್ಕಿಗೆಲ್ಲಿಯ ಹಾಲು ಎಂದು ನಾನು ಜಗಳಕ್ಕೇ ನಿಂತೆ. ಮುಟ್ಟಿದರೆ ಕಾಯಿ ಸಿಡಿಯುವ ಕರ್ಣಕುಂಡಲ ಇದೆಯಲ್ಲ, ಅದು ಇಂಪೇಷಿಯನ್ಸ್, ಅಂದರೆ ತಾಳ್ಮೆಗೆಟ್ಟದ್ದು. ಆ ವಾರವೆಲ್ಲ ಅವನು ನನ್ನನ್ನು ಆ ಹೆಸರಿನಲ್ಲೇ ಕರೆದ, ಅದೂ ಸಲೀಸಾಗಿ!

ಗಾಜಿನ ಮನೆ ತೋರಿಸುವವರು ನಿವೃತ್ತರಾದಾಗ ಮೇಲ್ವಿಚಾರಕರು ಆ ಕೆಲಸವನ್ನು ಇವನಿಗೇ ಕೊಟ್ಟರು. ಹೆಸರು ಹೇಳಿದ ಓಟದಲ್ಲೇ ಅರ್ಥವನ್ನೂ ಹೇಳಿ ಮುಗಿಸುತ್ತಿದ್ದ. ನಡುವೆ ನಿಂತರೆ ಮಾತ್ರ ಉಗ್ಗು. ಟೈಪ್‌ರೈಟರ್ ಇಸ್ತ್ರಿ ಅಂಗಿ ತೊಟ್ಟು ಜನರಿಗೆ ಪಾಠ ಹೇಳಲು ಹೊರಟಾಗ ಓಣಿಗೆ ಓಣಿಯೇ ಮೂಗಿನ ಮೇಲೆ ಬೆರಳಿಟ್ಟಿತು.

ಯಾರ ಕಣ್ಣು ತಾಗಿತೋ. ಕಾಲೇಜಿನ ಮೇಡಂ ಒಬ್ಬರು ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಜುಮುಕಿಯ ಹಾಗೆ ತೂಗುವ ಹೂವೊಂದನ್ನು ತೋರಿಸಿ ಇವನು “ಫುಕ್ಸಿಯ” ಎಂದ. ಮೇಡಂ ಮೆತ್ತಗೆ, “ಅದನ್ನ ಫ್ಯೂಷಿಯ ಅಂತಾರೆ” ಎಂದರು. ಹುಡುಗರು ಗೊಳ್ಳೆಂದು ನಕ್ಕರು. ಅಷ್ಟೇ ನೋಡಿ. ಅಂದಿನಿಂದ ಗಿಡಗಳ ಹೆಸರಿಗೂ ಉಗ್ಗು ಹತ್ತಿತು.

“ಈ ವಾರ ನೋಡೋಣ. ಆಗದಿದ್ರೆ ಮತ್ತೆ ಗುಂಡಿ ಕೆಲಸಕ್ಕೇ ಹೋಗ್ಲಿ” ಎಂದರು ಮೇಲ್ವಿಚಾರಕರು. ಅವರದೂ ತಪ್ಪಲ್ಲ. ತಮ್ಮನ ಹೆಂಡತಿ ನನ್ನ ಹತ್ತಿರ ಬಂದು, “ಅತ್ತಿಗೆ, ಇವ್ರು ಊಟ ಬಿಟ್ಟಿದಾರೆ. ಕನ್ನಡಿ ಮುಂದೆ ನಿಂತು ಫ ಫ ಅಂತಿರ್ತಾರೆ” ಎಂದು ಕಣ್ಣೊರೆಸಿಕೊಂಡಳು.

ಆ ವಾರವೇ ಮೇಡಂ ಒಬ್ಬರೇ ಬಂದರು. ನಾನು ಟಿಕೆಟ್ ಹರಿಯುವ ಮೊದಲೇ ಶುರುಮಾಡಿದೆ. “ನೀವು ತಿದ್ದಿದ್ದೇ ತಿದ್ದಿದ್ದು, ನನ್ನ ತಮ್ಮನ ಬಾಯೇ ಕಟ್ಟಿಹೋಯ್ತು!”

ಅವರಿಗೆ ನಿಜವಾಗಿಯೂ ನೋವಾಯಿತು. “ಅಯ್ಯೋ, ಅವರು ಹೇಳಿದ್ದು ತಪ್ಪಲ್ಲ ಕಣ್ರೀ! ಫುಕ್ಸ್ ಅನ್ನೋ ವೈದ್ಯರ ಹೆಸರು ಅದಕ್ಕಿಟ್ಟಿರೋದು. ಬರೆಯೋದು ಎಲ್ಲ ಕಡೆ ಒಂದೇ ಥರ, ಹೇಳೋದು ಒಂದೊಂದು ದೇಶದಲ್ಲಿ ಒಂದೊಂದು ಥರ. ಪರೀಕ್ಷೇಲಿ ಹುಡುಗರಿಗೆ ಗೊಂದಲ ಆಗದಿರಲಿ ಅಂತ ಅಂದೆ. ನಡೀರಿ, ನಾನೇ ಅವರಿಗೆ ಹೇಳ್ತೀನಿ.”

ಹೇಳಿದರು. ಅವನು ತಲೆಯಾಡಿಸಿ ಕೇಳಿಸಿಕೊಂಡ. ಇನ್ನು ಎಲ್ಲ ಸರಿಹೋಯಿತೆಂದು ನಾನು ಹಿಗ್ಗಿದೆ. ಆದರೆ ಮಾತು ಕಿವಿಗೆ ಹೋದಷ್ಟು ಸುಲಭವಾಗಿ ನಾಲಿಗೆಗೆ ಇಳಿಯುತ್ತದೆಯೇ? ಆಗಲೇ ಒಂದು ಗುಂಪು ಒಳಗೆ ಬಂತು. ಅವನು ಆ ಹೂವಿನ ಮುಂದೆ ನಿಂತು “ಫ... ಫ...” ಎಂದ. ಮುಖ ಬಿಗಿಯಿತು, ಕತ್ತಿನ ನರ ಉಬ್ಬಿತು. ಹಿಂದೆ ಯಾರೋ ಕಿಸಕ್ಕೆಂದರು. ನಾನು ಮುಂದೆ ನುಗ್ಗಿ, “ಇದು ಫುಕ್ಸಿಯ, ಇದನ್ನ...” ಎಂದೆ.

“ಅ-ಅಕ್ಕ, ನೀ ಸು-ಸುಮ್ನಿರು.”

ಅಷ್ಟು ಜನರ ಮುಂದೆ! ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಅವನು ಜನರ ಕಡೆ ತಿರುಗಿದ.

“ನಂ-ನಂಗೆ ಉ-ಉಗ್ಗು. ತ-ತಡ ಆಗುತ್ತೆ. ಕಾ-ಕಾಯೋರು ನಿ-ನಿಂತ್ಕೊಳ್ಳಿ. ಅ-ಅವಸರ ಇರೋರು ಮುಂ-ಮುಂದೆ ಹೋಗಿ.”

ಇಬ್ಬರು ಹೋದರು. ಉಳಿದವರು ನಿಂತರು. ಮೇಡಂ ತಮ್ಮ ಚೀಲವನ್ನು ನೆಲಕ್ಕಿಟ್ಟು ನಿಂತರು. ಅವನು ಆ ಒಂದು ಗಿಡಕ್ಕೆ ತೆಗೆದುಕೊಂಡ ಹೊತ್ತಿನಲ್ಲಿ ನಾನು ಒಂದು ಬಸ್ಸಿನ ಜನಕ್ಕೆ ಟಿಕೆಟ್ ಕೊಟ್ಟು ಮುಗಿಸುತ್ತಿದ್ದೆ. ಅಕ್ಷರ ಅಕ್ಷರಕ್ಕೂ ನನ್ನ ತುಟಿ ಅಲುಗುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ.

ಆ ವೈದ್ಯರು ಈ ಹೂವನ್ನು ಕಣ್ಣಿಂದ ನೋಡಲೇ ಇಲ್ಲ ಎಂದ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಸಮುದ್ರದಾಚೆ ಇದನ್ನು ಕಂಡವರೊಬ್ಬರು ಅವರ ಮೇಲಿನ ಗೌರವಕ್ಕೆ ಈ ಹೆಸರಿಟ್ಟರು ಎಂದ.

ಅದು ನನಗೆ ಗೊತ್ತಿರಲಿಲ್ಲ. ಅವನ ಬಾಯಿಂದ ಬರುವುದೆಲ್ಲ ನನಗೆ ಮೊದಲೇ ಗೊತ್ತೆಂದುಕೊಂಡೇ ಅವನನ್ನು ಸಾಕಿದವಳು ನಾನು. ಅಳು ಬಂತು, ಸಂತೋಷವೂ ಆಯಿತು. ಅವನು ಪಕ್ಕದ ಕರ್ಣಕುಂಡಲದ ಹತ್ತಿರ ಹೋಗಿ “ಇ... ಇ...” ಎಂದು ಶುರುಮಾಡಿದ. ಏನು ಹೇಳುತ್ತಾನೋ ಕೇಳೋಣವೆಂದು ನಾನೂ ಜನರ ಹಿಂದೆ ಹೋಗಿ ನಿಂತೆ.