ಹೆಪ್ಪಿನ ಬಟ್ಟಲು

ಎಪ್ಪತ್ತರ ದಶಕದ ಮಾತು. ಬಿನ್ನಿಪೇಟೆಯ ವಠಾರ ಬಿಟ್ಟು ವಿಜಯನಗರದ ಸ್ವಂತ ಮನೆಗೆ ಬಂದ ಮೂರೇ ತಿಂಗಳಿಗೆ ನಮ್ಮತ್ತೆಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದ್ದೆವು. ತೀರ್ಮಾನಿಸಿದವರಲ್ಲಿ ಮೊದಲಿಗಳು ನಾನೇ. ಸುಳ್ಳೇಕೆ ಹೇಳಲಿ?

ಸಂಜೆಯಾದರೆ ಸಾಕು, ಬಟ್ಟಲು ಹಿಡಿದು ಹೊರಟುಬಿಡುತ್ತಿದ್ದರು. ಹಾಲಿಗೆ ಹೆಪ್ಪು ಬೇಕಂತೆ. ನಮ್ಮ ಮನೆಯಲ್ಲಿ ಮೊಸರಿಗೇನು ಬರವೇ? ಆದರೆ ಬೆಳಿಗ್ಗೆ ಗಡಿಗೆಯಲ್ಲಿದ್ದದ್ದು ಸಂಜೆಗೆ ಮಾಯ. ಹಾಳು ಬೆಕ್ಕಿನ ಕೆಲಸ ಎಂದುಕೊಂಡಿದ್ದೆ. ಅಕ್ಕಪಕ್ಕ ಬರೀ ಖಾಲಿ ಸೈಟು, ಜಲ್ಲಿ ರಾಶಿ. ಇದ್ದ ನಾಲ್ಕು ಮನೆಗಳಿಗೂ ಎದೆಯೆತ್ತರದ ಕಾಂಪೌಂಡು. ಅತ್ತೆ ಗೇಟು ಅಲ್ಲಾಡಿಸಿ ಅಲ್ಲಾಡಿಸಿ ವಾಪಸು ಬರುತ್ತಿದ್ದರು. ಒಂದು ದಿನ ಮೂಲೆಮನೆಯವರು ನನ್ನ ಗಂಡನನ್ನು ಬಸ್‌ಸ್ಟಾಪಿನಲ್ಲಿ ಹಿಡಿದು, ನಿಮ್ಮ ತಾಯೀನ ಸ್ವಲ್ಪ ನೋಡಿಕೊಳ್ಳಿ ಎಂದರಂತೆ. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ನಮ್ಮ ಗೇಟಿಗೆ ಬೀಗ ಜಡಿದೆ.

ಅತ್ತೆ ಜಗಳವಾಡಲಿಲ್ಲ. ಮಾತನ್ನೇ ಬಿಟ್ಟರು. ಆಮೇಲೆ ಊಟವನ್ನೂ ಬಿಟ್ಟರು. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಗೇಟನ್ನೇ ನೋಡುತ್ತ ಕೂತಿರುತ್ತಿದ್ದರು. ಶನಿವಾರ ಗಂಡ ಡಾಕ್ಟರ ಚೀಟಿ ತಂದರು. ಸೋಮವಾರ ಬೆಳಿಗ್ಗೆ ಹುಚ್ಚಾಸ್ಪತ್ರೆಗೆ ಸೇರಿಸುವುದೆಂದಾಯಿತು. ನಾನು ಬೇಡವೆನ್ನಲಿಲ್ಲ.

ಭಾನುವಾರ ಸಂಜೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ, ಅತ್ತೆ ಗಡಿಗೆಯ ಮೊಸರನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದಾರೆ. ಇಷ್ಟು ದಿನದ ಬೆಕ್ಕು ಇದೇ ಹಾಗಾದರೆ! ಏನು ಬಂದಿದೆ ನಿಮಗೆ ಎಂದು ಕೂಗಾಡಿದೆ. ಆಗ ಬಾಯಿ ತೆರೆದರು.

"ಮೊಸರಿದ್ರೆ ಏನಂತ ಇನ್ನೊಬ್ರ ಬಾಗಿಲಿಗೆ ಹೋಗ್ಲಿ ಹೇಳು? ಸುಮ್ಸುಮ್ನೆ ಹೋದ್ರೆ ಹುಚ್ಚಿ ಅಂತಾರೆ ಕಣೇ."

ವಠಾರದಲ್ಲಿ ಹೆಪ್ಪಿಗೆಂದು ಹೋದವರು ಅರ್ಧ ಗಂಟೆ ಹೊಸ್ತಿಲಲ್ಲೇ ಕೂರುತ್ತಿದ್ದೆವು. ಯಾರಿಗೆ ಜ್ವರ, ಯಾರು ಉಂಡಿಲ್ಲ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಹತ್ತು ವರ್ಷ ನಾನೂ ಅದೇ ಬಟ್ಟಲು ಹಿಡಿದು ಓಡಾಡಿದವಳು. ಎಂಥ ಪಾಪಿ ನಾನು!

ಬೀಗ ತೆಗೆದೆ. ಕೈಹಿಡಿದು ಎದುರುಮನೆಗೆ ಕರೆದುಕೊಂಡು ಹೋದೆ. ತುಂಬ ಹೊತ್ತು ಗೇಟು ಬಡಿದ ಮೇಲೆ ಅತ್ತೆಯ ವಯಸ್ಸಿನವರೇ ಒಬ್ಬರು ಹೊರಗೆ ಬಂದರು. ಅತ್ತೆ ಬಟ್ಟಲು ಮುಂದೆ ಚಾಚಿದರು. ದೀಪ ಹಚ್ಚಿಯಾಯಿತು, ಇನ್ನು ಹೆಪ್ಪು ಕೊಡುವ ಹಾಗಿಲ್ಲ ಎಂದರು ಆಕೆ. ಅತ್ತೆ ಬಟ್ಟಲನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ನಾಳೆ ಬೆಳಿಗ್ಗೆ ನಾನೇ ತರ್ತೀನಿ," ಎಂದರು ಆಕೆ. "ಮನೇಲಿ ಇರ್ತೀರಾ?"

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಚೀಟಿಯ ವಿಷಯ ಅವರಿಗೆ ಗೊತ್ತಿತ್ತು.

"ಇರ್ತಾರೆ," ಎಂದೆ.