ಬಿಚ್ಚಲು ಬಾರದ ಆಮೆ

ಯೊಸು ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಮಲ್‌ಸುನ್ ಮಾಡುವ ಕಿಂಬಾಪ್‌ಗೆ ಒಳ್ಳೆಯ ಹೆಸರಿತ್ತು. ಆ ಅನ್ನದ ಸುರುಳಿಗಳನ್ನು ಫಾಯಿಲ್‌ನಲ್ಲಿ ಸುತ್ತಿಕೊಡುವ ಅವಳ ಗಂಡ ಚಿಲ್‌ಗುಗೆ ಅಂಥ ಹೆಸರೇನೂ ಇರಲಿಲ್ಲ. ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವನು ಹರಿದುಳಿದ ಫಾಯಿಲ್ ತುಂಡುಗಳಿಂದ ಏಡಿ, ಕೊಕ್ಕರೆ, ದೋಣಿ ಮಾಡುತ್ತಿದ್ದ. "ಫಾಯಿಲ್ ಏನು ಪುಕ್ಸಟ್ಟೆ ಬರತ್ತೇನ್ರೀ?" ಎಂದು ಹೆಂಡತಿ ಗೊಣಗುತ್ತಿದ್ದಳು. ಆ ಕೊಕ್ಕರೆಯ ಧೂಳನ್ನು ದಿನಾ ಒರೆಸುತ್ತಿದ್ದವಳೂ ಅವಳೇ.

ಅವನ ಮಾನ ಹೋದದ್ದು ಬೀಗರ ಕೈಯಲ್ಲಿ. ಮಗಳು ಹ್ಯೆರಾನಳ ಮದುವೆಗೆಂದು ಚಿಲ್‌ಗು ದಾಂಪತ್ಯಕ್ಕೆ ಶುಭವೆಂದು ಫಾಯಿಲ್ ಸುತ್ತಿ ಜೋಡಿ ಬಾತುಕೋಳಿ ಮಾಡಿ ಮೇಜಿನ ಮೇಲಿಟ್ಟಿದ್ದ. ಹಸಿದಿದ್ದ ಬೀಗರು ಒಂದನ್ನೆತ್ತಿಕೊಂಡು ಬಾಲದ ಕಡೆಯಿಂದ ಬಿಚ್ಚತೊಡಗಿದರು. ಕಡೆಯ ಸುತ್ತು ಬಿಚ್ಚಿದ ಮೇಲೆ, "ಒಳಗೆ ಅನ್ನಾನೇ ಇಲ್ವಲ್ಲ ಬೀಗರೇ," ಎಂದರು. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಲ್‌ಗುವೂ ನಕ್ಕ. ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಗಿರಾಕಿಗೆ ಬಿಚ್ಚಲು ಸುಲಭವಾಗಲೆಂದು ಕೊನೆಗೊಂದು ಅಂಚು ಬಿಡುವುದು ಮೂವತ್ತು ವರ್ಷಗಳ ಅಭ್ಯಾಸ. ಬಾತುಕೋಳಿಗೂ ಕೈ ತಾನಾಗಿ ಅಂಚು ಬಿಟ್ಟಿತ್ತು.

ಆಮೇಲೆ ಮೊಮ್ಮಗಳು ಸೊದಾಮ್ ಎರಡೂವರೆ ತಿಂಗಳು ಮೊದಲೇ ಹುಟ್ಟಿದಳು. ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿ ನರ್ಸು ಅವಳನ್ನು ಗಾಜಿನ ಪೆಟ್ಟಿಗೆಯತ್ತ ಒಯ್ಯುವಾಗ ಚಿಲ್‌ಗು ನೋಡಿದ. ಒಂದು ಕಿಂಬಾಪ್‌ಗಿಂತ ತುಸು ದೊಡ್ಡದಾಗಿದ್ದಳು, ಅಷ್ಟೇ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಕೂಸು ಬದುಕಿತು, ನಗತೊಡಗಿತು. ಆದರೆ ವರ್ಷ ತುಂಬುತ್ತ ಬಂದರೂ ಬೆರಳುಗಳಿಗೆ ಹಿಡಿತ ಬರಲಿಲ್ಲ. ಕೊಟ್ಟ ಚಮಚ ಜಾರಿ ಬೀಳುತ್ತಿತ್ತು. ಅಲ್ಲಿನ ವಾಡಿಕೆಯಂತೆ ಮೊದಲ ಹುಟ್ಟುಹಬ್ಬಕ್ಕೆ ಮಗುವಿನ ಮುಂದೆ ದಾರ, ಪೆನ್ಸಿಲ್, ದುಡ್ಡು ಇಡಬೇಕು, ಅದು ಎತ್ತಿಕೊಂಡದ್ದೇ ಅದರ ಹಣೆಬರಹ.

"ಅದೊಂದು ಬೇಡಪ್ಪ," ಎಂದಳು ಹ್ಯೆರಾನ್. "ಎಲ್ಲರೆದುರು ಏನೂ ಹಿಡೀದೆ ಕೂತ್ಬಿಟ್ರೆ ನಂಗೆ ತಡ್ಕೊಳ್ಳಕ್ಕಾಗಲ್ಲ."

"ಇಡೋಣ ಮಗಳೇ. ಜೊತೆಗೆ ನಂದೂ ಒಂದು ಸಾಮಾನಿರ್ಲಿ."

ದೀರ್ಘಾಯುಷ್ಯಕ್ಕೆಂದು ಅವನು ಆಮೆ ಮಾಡಲು ಕೂತ. ಈ ಸಲ ಸುತ್ತಲಿಲ್ಲ. ಫಾಯಿಲನ್ನು ಮುದ್ದೆ ಮಾಡಿ, ತಿರುಗಿಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟಿದ. ಒಳಗೆ ಗಾಳಿ ಉಳಿದರೆ ಕುಸಿಯುತ್ತದೆಂದು ಪದರ ಪದರಕ್ಕೂ ತಟ್ಟಿದ. ಅಂಟಿಸಿದ ಕಾಲು ಬಿದ್ದೀತೆಂದು ಕಾಲು, ಕತ್ತುಗಳನ್ನು ಅದೇ ಮುದ್ದೆಯಿಂದ ಎಳೆದ. ಚಿಪ್ಪನ್ನು ಚಮಚದ ಬೆನ್ನಿನಿಂದ ಉಜ್ಜಿ ನಯ ಮಾಡಿದ. ಸೊದಾಮಳ ಮುಷ್ಟಿಯೊಳಗೆ ತನ್ನ ಕಿರುಬೆರಳಿಟ್ಟು ನೋಡಿ, ಕತ್ತನ್ನು ಅಷ್ಟೇ ದಪ್ಪಕ್ಕೆ ತಂದ. ಜಾರದಿರಲೆಂದು ಅದಕ್ಕೆ ಸಣ್ಣ ಸಣ್ಣ ಗೀರು ಹಾಕಿದ.

ಹುಟ್ಟುಹಬ್ಬದ ದಿನ ಸೊದಾಮಳ ಕೈಯಿಂದ ದಾರ ಜಾರಿತು, ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಹ್ಯೆರಾನ್ ಮುಖ ತಿರುಗಿಸಿಕೊಂಡಳು. ಮಗುವಿನ ಕೈ ಆಮೆಯ ಕತ್ತಿಗೆ ತಾಗಿತು, ಜಾರಿತು, ಮತ್ತೆ ತಾಗಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು.

ಫೋಟೊ ತೆಗೆಯಲು ಬಂದವನು, ಚಿತ್ರ ಸರಿ ಬರಲಿಲ್ಲ, ಇನ್ನೊಮ್ಮೆ ಮೊದಲಿನಿಂದ ಮಾಡಿಸಿ ಎಂದ. ಆಮೆಯನ್ನು ಮೇಜಿಗಿಡಲು ಬೀಗರು ಚಿಪ್ಪು ಹಿಡಿದು ಮೆಲ್ಲಗೆ ಎಳೆದರು. ಅವರ ಕಣ್ಣರಳಿದವು.

"ಬಿಡ್ತಾ ಇಲ್ಲ ಬೀಗರೇ," ಎಂದರು.

ಚಿಲ್‌ಗು ಮೇಜಿನ ಹತ್ತಿರಕ್ಕೆ ಬಾಗಿದ.

"ಇನ್ನೊಂದ್ಸಲ ಎಳೀರಿ," ಎಂದ. "ಸ್ವಲ್ಪ ಜೋರಾಗಿ."

ಬೀಗರು ಎಳೆದರು. ಅವಳು ಬಿಡಲಿಲ್ಲ.